ಅಯ್ಯನೋರ ಕಾಲಿಗೆ ಕರೆಂಟು

ಬೇರೆಯವರಿಗೆ ಕಾಲು ಇರುವುದು ನಡೆಯುವುದಕ್ಕೆ. ನನಗೆ ಕಾಲು ಇರುವುದು ಮಾನ ಕಳೆಯುವುದಕ್ಕೆ. ಒಂದು ಪ್ರಸಂಗ ಮರೆತೆ ಅನ್ನುವಷ್ಟರಲ್ಲಿ ಇನ್ನೊಂದನ್ನು ಎಳೆದುಕೊಂಡು ಬರುತ್ತವೆ.

ನಾನು ಬಳ್ಳಾರಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಮೇಷ್ಟ್ರು. ಹುಟ್ಟಿನಿಂದ ಜಂಗಮ. ವಾರವೆಲ್ಲ ಕೈಯಲ್ಲಿ ಸೀಮೆಸುಣ್ಣ, ರಜೆಯ ದಿನ ಹಣೆಯಲ್ಲಿ ವಿಭೂತಿ. ಅಪ್ಪನ ಕಾಲದಿಂದ ನಡೆದುಕೊಂಡು ಬಂದ ಇಪ್ಪತ್ತು ಭಕ್ತರ ಮನೆಗಳಿವೆ. ಗೃಹಪ್ರವೇಶವಿರಲಿ, ತೊಟ್ಟಿಲಿರಲಿ, ಕರೆಸಿ ಮಣೆಯ ಮೇಲೆ ಕೂರಿಸಿ ಪಾದಪೂಜೆ ಮಾಡುತ್ತಾರೆ. ಕಾಲು ತೊಳೆದು, ವಿಭೂತಿ ಹಚ್ಚಿ, ಹೂವು ಏರಿಸಿ, ಪಾದಕ್ಕೆ ಹಣೆ ಇಡುತ್ತಾರೆ. ಆಮೇಲೆ ಹೋಳಿಗೆ ಊಟ. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ ಇದ್ದರೂ ಹೋಳಿಗೆ ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ತಿಂದದ್ದು ಬಾಯಿ, ಅನುಭವಿಸುತ್ತಿರುವುದು ಕಾಲು.

ಎರಡು ವರ್ಷದ ಹಿಂದೆ ಪಾದದಲ್ಲಿ ನರದ ನೋವು ಶುರುವಾಯಿತು. ಹೇಳದೆ ಕೇಳದೆ ಹೆಬ್ಬೆರಳಿನಿಂದ ಹಿಮ್ಮಡಿಯವರೆಗೆ ಕರೆಂಟು ಹೊಡೆದ ಹಾಗಾಗಿ ಕಾಲು ತಾನಾಗಿಯೇ ಚಿಮ್ಮುತ್ತದೆ. ಮರುಕ್ಷಣ ಏನೂ ಗೊತ್ತಿಲ್ಲದವರ ಹಾಗೆ ಸುಮ್ಮನಾಗುತ್ತದೆ. ಇದು ಹೆಂಡತಿಗೆ ಮಾತ್ರ ಗೊತ್ತಿತ್ತು. ಭಕ್ತರಿಗೆ ಹೇಳಲಿಲ್ಲ. ಅಯ್ಯನೋರ ಪಾದವೇ ರೋಗದ ಪಾದ ಅಂತ ಗೊತ್ತಾದ ಮೇಲೆ ಅದನ್ನು ಯಾರು ತೊಳೆದಾರು? ಅಪ್ಪ ಉಳಿಸಿಕೊಟ್ಟ ಮನೆಗಳು ನನ್ನ ಕಾಲಕ್ಕೆ ತಪ್ಪಿಹೋದರೆ ಎಂಬ ಹೆದರಿಕೆ ನನಗೆ ನಿಜವಾಗಿಯೂ ಇತ್ತು.

ಕುರುಗೋಡಿನಲ್ಲಿ ಒದ್ದದ್ದು

ಕುರುಗೋಡಿನಲ್ಲಿ ಒಬ್ಬ ಮೆಣಸಿನಕಾಯಿ ವ್ಯಾಪಾರಿಯ ಗೃಹಪ್ರವೇಶ. ಹೊಸ ಪೇಟ ಸುತ್ತಿದ್ದ ಯಜಮಾನರು ನನ್ನ ಪಾದ ತೊಳೆದು, ಹೂವಿಟ್ಟು, ಕಣ್ಣು ಮುಚ್ಚಿ ಬಾಗಿದರು. ಹಣೆ ಇನ್ನೇನು ಬೆರಳಿಗೆ ತಾಗಬೇಕು, ಕರೆಂಟು ಬಂತು. ಬಲಗಾಲು ನೆಟ್ಟಗೆ ಅವರ ಹಣೆಗೆ ಬಡಿಯಿತು. ಪೇಟ ಹಾರಿ ಕಾಲು ತೊಳೆದ ನೀರಿನ ತಟ್ಟೆಗೆ ಬಿತ್ತು. ಯಜಮಾನರು ದೊಪ್ಪನೆ ಹಿಂದಕ್ಕೆ ಕೂತರು.

ಮಂತ್ರ ಹೇಳುತ್ತಿದ್ದವರು ನಿಲ್ಲಿಸಿದರು. ಹೊಸ ಮನೆಯ ಒಳಗೆ ಮನೆಯ ಯಜಮಾನನನ್ನೇ ಒದ್ದವನು ನಾನೊಬ್ಬನೇ ಇರಬೇಕು. ಎದ್ದು ಓಡಲು ಬಾಗಿಲು ಎಷ್ಟು ದೂರ ಇದೆ ಅಂತ ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಯಜಮಾನರು ಏಳಲು ಹೊರಟರು. ಅವರ ತಾಯಿ ಭುಜ ಹಿಡಿದು ಕೂರಿಸಿದರು.

“ಸುಮ್ನ ಕುಂದ್ರಲೇ,” ಅಂದರು ಮುದುಕಿ. “ಇನ್ನೊಂದು ಕಾಲಿಂದೂ ಬೀಳ್ಲಿ.”

ವಾರದ ಮೇಲೆ ಯಜಮಾನರ ಫೋನು ಬಂತು. ಮೂರು ವರ್ಷದಿಂದ ಕಾಡುತ್ತಿದ್ದ ಅರೆತಲೆನೋವು ಆವತ್ತಿನಿಂದ ಮಾಯವಂತೆ. ಪೇಟೆಯಲ್ಲೆಲ್ಲ ಹೇಳಿದ್ದೇನೆ ಅಂದರು. ಅವರ ನೋವು ಹೋಯಿತು, ಸಂತೋಷ. ನನ್ನದು ಇದ್ದಲ್ಲೇ ಇತ್ತು.

ಸಿರುಗುಪ್ಪದಲ್ಲಿ ಒದೆಯದೆ ಹೋದದ್ದು

ಸುದ್ದಿ ಸಿರುಗುಪ್ಪ ಮುಟ್ಟಲು ನಾಲ್ಕು ದಿನ ಹಿಡಿಯಿತು. ಅಲ್ಲಿನ ಒಂದು ಅಕ್ಕಿ ಮಿಲ್ಲಿನ ಯಜಮಾನರು ಪಾದಪೂಜೆಗೆ ಕರೆದರು. ಯಾವ ನಿಮಿತ್ತ ಅಂತ ಕೇಳಿದೆ. ನಿಮಿತ್ತ ಏನಿಲ್ಲ, ಎಷ್ಟೋ ವರ್ಷದಿಂದ ಹುಳಿತೇಗು, ತಾವು ಮನಸ್ಸು ಮಾಡಬೇಕು ಅಂದರು. ಮನಸ್ಸು ಅಂದರೆ ಏನು ಅಂತ ಅವರ ಮನೆಯಲ್ಲಿ ಮಣೆಯ ಮೇಲೆ ಕೂತ ಮೇಲೆ ಅರ್ಥವಾಯಿತು.

ಅವರು ನನ್ನ ಪಾದದ ಮೇಲೆ ತಲೆಯಿಟ್ಟರು. ಇಟ್ಟವರು ಎತ್ತಲಿಲ್ಲ. ಐದು ನಿಮಿಷವಾಯಿತು, ಹತ್ತಾಯಿತು. ಏಳಿ ಅಂದರೆ ತಮಗೇನೂ ಅವಸರವಿಲ್ಲ, ಬಂದಾಗ ಬರಲಿ ಅಂದರು. ನನ್ನ ಕಾಲಿಗೋ ಹುಟ್ಟಿದಾಗಿನಿಂದ ಇಷ್ಟು ಸುಖವೇ ಇರಲಿಲ್ಲವೇನೋ ಅನ್ನುವಷ್ಟು ಶಾಂತಿ. ಒಳಗೆ ಅನ್ನ ಆರುತ್ತಿತ್ತು. ಕೊನೆಗೆ ಹಸಿವು ತಡೆಯದೆ ಮೆಲ್ಲಗೆ ಹೆಬ್ಬೆರಳಿನಿಂದ ಒಮ್ಮೆ ನೂಕಿದೆ. ಅವರು ತಲೆ ಎತ್ತದೆಯೇ, ಇದು ಅದಲ್ಲ ಬಿಡ್ರಿ, ಅದು ಬಂದ್ರ ಗೊತ್ತಾಗತೈತಿ ಅಂತ ಕುರುಗೋಡಿನವರು ಹೇಳ್ಯಾರ ಅಂದರು. ಮೂವತ್ತು ವರ್ಷ ಮಕ್ಕಳ ಕಾಪಿ ಹಿಡಿದ ಮೇಷ್ಟ್ರು ನಾನು. ಆ ದಿನ ಸಿಕ್ಕಿಬಿದ್ದೆ.

ಮನೆಯಾಕೆಗೆ ಕಣ್ಣಲ್ಲಿ ನೀರೇ ಬಂತು. “ಕುರುಗೋಡಿನೋರಿಗೆ ಒದ್ದೀರಿ, ನಮಗ್ಯಾಕ ಒದಿಯಂಗಿಲ್ರಿ ಅಯ್ಯನೋರೆ? ನಾವೇನು ಕಡಿಮಿ ಭಕ್ತರೇನು?”

ಇನ್ನೊಮ್ಮೆ ಬರುತ್ತೇನೆ ಅಂತ ಸಮಾಧಾನ ಹೇಳಿ ಉಂಡು ಬಳ್ಳಾರಿಯ ಬಸ್ಸು ಹತ್ತಿದೆ. ಸಿರಿಗೇರಿ ಕ್ರಾಸ್ ದಾಟಿರಲಿಲ್ಲ, ಬಂತು ನೋಡಿ ಕರೆಂಟು. ಪಕ್ಕದಲ್ಲಿ ನಿಂತಿದ್ದವನ ಮೊಣಕಾಲಿಗೆ ಸರಿಯಾಗಿ ಬಿತ್ತು. ಅವನು ಭಕ್ತನಲ್ಲ. ಹಣೆ ತುಂಬ ವಿಭೂತಿ ಬಳಕೊಂಡು ಮಂದಿಗೆ ಒದಿತೀರಲ್ರಿ ಅಂತ ಬಳ್ಳಾರಿ ಬರುವವರೆಗೂ ಬೈದ. ಅವನ ಯಾವ ಕಾಯಿಲೆ ವಾಸಿಯಾಯಿತೋ ವಿಚಾರಿಸಲಿಲ್ಲ.

ಕಣ್ಣು ಮುಚ್ಚಿ ಪರೀಕ್ಷೆ

ಹೆಂಡತಿ ನನ್ನನ್ನು ಬಳ್ಳಾರಿಯಲ್ಲೇ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಅವರ ಬಳಿ ಒಂದು ನೈಲಾನ್ ಎಳೆ ಇತ್ತು. ಕಣ್ಣು ಮುಚ್ಚಿಕೊಳ್ಳಿ, ಪಾದಕ್ಕೆ ಇದು ತಾಗಿದಾಗೆಲ್ಲ ಹೌದು ಅನ್ನಿ ಅಂದರು.

ಪರೀಕ್ಷೆ ಅಂದ ಮೇಲೆ ಪಾಸಾಗಬೇಕಲ್ಲ. ಕಣ್ಣು ಮುಚ್ಚಿದೆ. ಏನೂ ತಾಗಲಿಲ್ಲ. ಆದರೆ ಮನುಷ್ಯ ಒಂದು ಕಡೆ ಮುಟ್ಟಿ, ಇನ್ನೊಂದು ಕಡೆಗೆ ಹೋಗಲು ಮೂರು ಸೆಕೆಂಡಾದರೂ ಬೇಕು. ಮನಸ್ಸಿನಲ್ಲೇ ಎಣಿಸಿ ಮೂರಕ್ಕೊಮ್ಮೆ ಹೌದು ಅಂದೆ. ಅನುಮಾನ ಬರದಿರಲಿ ಅಂತ ನಡುನಡುವೆ ನಾಲ್ಕಕ್ಕೂ ಅಂದೆ. ಹತ್ತು ಹೌದು ಆದ ಮೇಲೆ ಎಷ್ಟು ಮಾರ್ಕು ಬಂತು ನೋಡೋಣ ಅಂತ ಕಣ್ಣು ಬಿಟ್ಟೆ. ಡಾಕ್ಟರು ಕೋಣೆಯ ಆ ತುದಿಯಲ್ಲಿ ಕೈ ತೊಳೆಯುತ್ತಿದ್ದರು. ಹೆಂಡತಿ ಗೋಡೆಯ ಕಡೆ ಮುಖ ಮಾಡಿಕೊಂಡಿದ್ದಳು.

ಡಾಕ್ಟರು ನಗಲಿಲ್ಲ. ಪಕ್ಕದಲ್ಲಿ ಬಂದು ಕೂತು ಹೇಳಿದರು, “ಮೇಷ್ಟ್ರೇ, ನೋವು ಇರೋ ಕಡೆ ನನಗ ಚಿಂತಿ ಇಲ್ಲ. ನೋವು ಗೊತ್ತಾಗದೇ ಇರೋ ಕಡೆ ಚಿಂತಿ. ಈ ಕಾಲಿಗೆ ಗಾಯ ಆದ್ರ, ಸುಟ್ಟರ, ನಿಮಗ ತಿಳಿಯಂಗಿಲ್ಲ. ತಿಳಿಯೋದ್ರಾಗ ಬೆರಳು ಹೋಗಿರತೈತಿ.”

ಬರಿಗಾಲು ಬೇಡ, ಬಿಸಿನೀರು ಬೇಡ, ದಿನಾ ಪಾದ ನೋಡಿಕೊಳ್ಳಿ ಅಂದರು. ನನ್ನದು ಇಂಥ ಕಸುಬು ಅಂತ ಹೇಳಿದೆ. ಭಕ್ತರಿಗೆ ಸತ್ಯ ಹೇಳಿಬಿಡಿ ಅಂದರು ಅವರು. ಅದೊಂದು ಬಿಟ್ಟು ಬೇರೆ ಔಷಧಿ ಇದ್ದರೆ ಕೊಡಿ ಅಂದೆ.

ಹಚ್ಚೊಳ್ಳಿಯ ಅಭಿಷೇಕ

ಆ ಚಳಿಗಾಲ ಹಚ್ಚೊಳ್ಳಿಯಲ್ಲಿ ಒಂದು ತೊಟ್ಟಿಲು ಶಾಸ್ತ್ರ. ನೂರು ಮಂದಿ ಸೇರಿದ್ದರು. ಹೆಂಡತಿ ತಾನೂ ಬರುತ್ತೇನೆ ಅಂದಳು. ನೀನು ಬಾಯಿ ಬಿಡಬಾರದು ಅಂತ ಮಾತು ತೆಗೆದುಕೊಂಡೇ ಕರೆದುಕೊಂಡು ಹೋದೆ.

ಪಾದಪೂಜೆ ಮಾಡಲು ಕೂತದ್ದು ಮನೆಯ ಹಿರಿಯಜ್ಜಿ. ಅಯ್ಯನೋರಿಗೆ ಚಳಿಯಾದೀತೆಂದು ಸೊಸೆ ಒಲೆಯ ಮೇಲಿನ ನೀರನ್ನು ತಂಬಿಗೆಯಲ್ಲಿ ತಂದಳು. ಗಡಿಬಿಡಿಯಲ್ಲಿ ತಣ್ಣೀರು ಬೆರೆಸುವುದನ್ನು ಮರೆತಿದ್ದಳು. ಅಜ್ಜಿ ಸುರಿದರು. ನಾನು ಹಸನ್ಮುಖಿಯಾಗಿ ಕೂತೆ. ಪಾದದಿಂದ ಹಬೆ ಏಳುತ್ತಿತ್ತು. ಸಾಂಬ್ರಾಣಿ ಹೊಗೆ ಅಂದುಕೊಂಡೆ. ಪಾದ ಉಜ್ಜಲು ಕೈ ಹಾಕಿದ ಅಜ್ಜಿ ಅಯ್ಯಯ್ಯಪ್ಪ ಅಂತ ಕೈ ಕೊಡವಿಕೊಂಡರು. ಸುಡುವ ನೀರಿನಲ್ಲಿ ಅಯ್ಯನೋರು ನಗುತ್ತ ಕೂತಾರಲ್ಲ, ಎಂಥ ತಪಸ್ಸು ಅಂತ ಹಿಂದಿನಿಂದ ಯಾರೋ ಅಂದರು. ಇನ್ನೊಂದು ತಂಬಿಗೆ ಬಂತು.

ಹೆಂಡತಿ ಜನರನ್ನು ತಳ್ಳಿಕೊಂಡು ಬಂದವಳೇ ಕೈಗೆ ಸಿಕ್ಕ ಪಾತ್ರೆ ಎತ್ತಿ ನನ್ನ ಕಾಲ ಮೇಲೆ ಬೋರಲು ಹಾಕಿದಳು. ಅದು ನೂರು ಮಂದಿಗೆ ಮಾಡಿದ್ದ ಮಜ್ಜಿಗೆ. ಮೂಲೆಯಲ್ಲಿದ್ದವರೊಬ್ಬರು ಅಭಿಷೇಕ ಅಂದುಕೊಂಡು ಗಂಟೆ ಬಾರಿಸಿದರು. ಕೆಲವರು ಎದ್ದು ನಿಂತು ಕೈ ಮುಗಿದರು.

“ಗಂಟಿ ನಿಲ್ಲಸ್ರಿ,” ಅಂದಳು ಹೆಂಡತಿ. “ತಪಸ್ಸೂ ಇಲ್ಲ, ಏನೂ ಇಲ್ಲ. ಇವರಿಗೆ ಸಕ್ಕರಿ ಕಾಯಿಲಿ ಐತಿ. ಕಾಲಿಗೆ ಸ್ಪರ್ಶ ಇಲ್ಲ. ನಿಮಗೆಲ್ಲ ಹೇಳಾಕ ನಾಚಿಕಿ ಅವರಿಗೆ. ನನಗ ಆ ನಾಚಿಕಿ ಬ್ಯಾಡ, ಕಾಲು ಬೇಕು.”

ನಾನು ತಲೆ ತಗ್ಗಿಸಿದೆ. ಅಪ್ಪನ ಇಪ್ಪತ್ತು ಮನೆಗಳೂ ಒಂದೊಂದಾಗಿ ಮಜ್ಜಿಗೆಯಲ್ಲಿ ಹರಿದುಹೋಗುತ್ತಿವೆ ಅನ್ನಿಸಿತು. ಹೆಂಡತಿ ನೆಲದ ಮೇಲೆ ಕೂತು, ಚೀಲದಿಂದ ಬ್ಯಾಟ್ರಿ ತೆಗೆದು ನನ್ನ ಪಾದಕ್ಕೆ ಬೆಳಕು ಬಿಟ್ಟು ಬೆರಳು ಬೆರಳು ಬಿಡಿಸಿ ನೋಡುತ್ತಿದ್ದಳು. ಕಿರುಬೆರಳಿಗೆ ಒಂದು ಬೊಬ್ಬೆ ಬಿಟ್ಟರೆ ಉಳಿದವು ಬಚಾವಾಗಿದ್ದವು. ಅವಳು ಕಣ್ಣೊರೆಸಿಕೊಂಡಳು. ನನಗೂ ಅಳು ಬಂತು.

ಆಗ ಅಜ್ಜಿ ನನ್ನ ಪಕ್ಕಕ್ಕೆ ಸರಿದು ಕೂತರು. ಸೀರೆಯ ಅಂಚು ಎತ್ತಿ ಎರಡೂ ಕಾಲು ಚಾಚಿದರು. ನಮ್ಮಮ್ಮ, ನನಗೂ ಜುಮು ಜುಮು ಅಂತಾವ, ಮನಿಯಾಗ ಹೇಳಿಲ್ಲ, ಒಂಚೂರು ನೋಡು ಅಂದರು ನನ್ನ ಹೆಂಡತಿಗೆ. ಸೊಸೆ ಬಾಯಿ ತೆರೆದು ನಿಂತಳು. ಅಜ್ಜಿಯ ತಮ್ಮ ಬಂದು ಕೂತರು. ಅವರ ಹಿಂದೆ ಬೀಗರು. ನೋಡನೋಡುತ್ತ ಪಡಸಾಲೆಯ ಗೋಡೆಗುಂಟ ಊರಿನ ಹಿರಿಯರೆಲ್ಲ ಕಾಲು ಚಾಚಿ ಸಾಲಾಗಿ ಕೂತರು. ಗಂಟೆ ಬಾರಿಸಿದವರು ಎಲ್ಲರಿಗಿಂತ ಮುಂದೆ ಜಾಗ ಹಿಡಿದಿದ್ದರು. ಹೆಂಡತಿ ಮೊಣಕಾಲೂರಿ ಬ್ಯಾಟ್ರಿ ಹಿಡಿದು ಒಬ್ಬೊಬ್ಬರ ಪಾದ ನೋಡುತ್ತ ಹೋದಳು. ಮೂವರಿಗೆ ಗಾಯವಿತ್ತು, ಮೂವರಿಗೂ ಗೊತ್ತಿರಲಿಲ್ಲ. ಅವರನ್ನು ಆ ಸಂಜೆಯೇ ಡಾಕ್ಟರ ಹತ್ತಿರ ಕಳಿಸಿದಳು. ತೊಟ್ಟಿಲ ಕೂಸು ಒಳಗೆ ಅಳುತ್ತಿತ್ತು, ಅದಕ್ಕೆ ಹೆಸರಿಡುವುದು ಎಲ್ಲರಿಗೂ ಮರೆತುಹೋಗಿತ್ತು.

ನನ್ನ ಬೊಬ್ಬೆ ಮಾಯಲು ಮೂರು ವಾರ ಹಿಡಿಯಿತು. ಅಷ್ಟು ದಿನ ಫೋನು ಬರಲಿಲ್ಲ. ಮನೆಗಳು ತಪ್ಪಿಹೋದವು ಅಂತಲೇ ತಿಳಿದಿದ್ದೆ. ನಾಲ್ಕನೆಯ ವಾರ ಭಕ್ತರೊಬ್ಬರು ಮನೆಗೇ ಬಂದರು. ಸೋಮವಾರ ಪಾದಪೂಜೆ ಇಟ್ಟುಕೊಂಡಿದ್ದೇವೆ, ಬರಬೇಕು ಅಂದರು. ನನ್ನ ಕಾಲಿನ ಸ್ಥಿತಿ ನಿಮಗೆ ತಿಳಿದಿರಬೇಕಲ್ಲ ಅಂದೆ. ಎಲ್ಲಾ ತಿಳಿದಿದೆ ಅಂದರು. ಆಗಲಿ, ಖಂಡಿತ ಬರುತ್ತೇನೆ ಅಂತ ಕೈ ಮುಗಿದೆ.

ಅವರು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ತಿರುಗಿದರು.

“ನಿಮಗ ಪುರುಸೊತ್ತು ಇಲ್ಲಂದ್ರ ನಡೀತೈತ್ರಿ ಅಯ್ಯನೋರೆ,” ಅಂದರು. “ಅಮ್ಮನೋರನ್ನ ಕಳಿಸಿದ್ರ ಸಾಕು.”