ಹುಳದ ಪಾಠ ಹೇಳಹೋಗಿ

ಸರಕಾರಿ ಸಾಲಿಯಲ್ಲಿ ವಿಜ್ಞಾನ ಹೇಳುವವರು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಹಾಜರಿ ಕೂಗುವುದರೊಳಗೆ ಒಂದು ಬಂದು ಬಾಗಿಲಲ್ಲಿ ನಿಂತಿರುತ್ತದೆ. ನಗು ಬರುವುದು ಮಾತ್ರ ಎಷ್ಟೋ ದಿನ ತಡವಾಗಿ. ನಾನು ದಿನಾ ಬೈಲಹೊಂಗಲದಿಂದ ಬಸ್ಸು ಹಿಡಿದು ಸಿರಸಂಗಿ ಕಡೆಯ ಒಂದು ಊರಿಗೆ ಹೋಗುವ ಟೀಚರು. ಹುಳಗಳನ್ನು ನೋಡಿ ಇಂಜಿನಿಯರುಗಳು ಏನೇನು ಕಲಿತಿದ್ದಾರೆ ಎಂದು ನಾಲ್ಕನೇ ಇಯತ್ತೆಯ ಮಕ್ಕಳಿಗೆ ಹೇಳಲು ಹೊರಟೆ. ಮಕ್ಕಳಿಗೆ ತಿಳಿಯಿತು. ದೊಡ್ಡವರದೇ ತೊಂದರೆಯಾಯಿತು.

೧. ತಂಪು ಮನಿ

ಸಾಲಿಯ ಹಿಂದಿನ ಬದುವಿನಲ್ಲಿ ಆಳೆತ್ತರದ ಹುತ್ತವಿದೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, "ಇದು ಗೆದ್ದಲ ಕಟ್ಟಿದ ಮನಿ. ಹೊರಗ ಎಷ್ಟ ಬಿಸಲಿದ್ರೂ ಒಳಗ ಗಾಳಿ ಆಡೂ ಹಂಗ ಕಟ್ಟಿರತಾವು. ಇದನ್ನ ನೋಡೇ ದೊಡ್ಡ ದೊಡ್ಡ ತಂಪನ ಕಟ್ಟಡ ಕಟ್ಟ್ಯಾರ" ಎಂದೆ.

ತಿರುಗಿ ಬಂದು ನಮ್ಮ ಹೊಸ ಕೋಣೆಯಲ್ಲಿ ಕೂತೆವು. ಮೇಲೆ ತಗಡು. ಇರುವ ಒಂದೇ ಕಿಟಕಿ ತೆರೆದರೆ ಎದುರಿಗೆ ಪಾಯಖಾನೆಯ ಗೋಡೆ. ಬೆವರು ತೊಟ್ಟಿಕ್ಕುತ್ತಿತ್ತು. ಅದೇ ಹೊತ್ತಿಗೆ ಕೋಣೆ ಕಟ್ಟಿಸಿದ ಇಂಜಿನಿಯರ್ ಸಾಹೇಬರು ಗೋಡೆಯ ಬಿರುಕು ನೋಡಲು ಬಂದರು. ಮಕ್ಕಳನ್ನು ಕಂಡು ಖುಷಿಯಾಗಿ, "ಏನರ ಕೇಳೂದಿದ್ರ ಕೇಳ್ರಿ" ಎಂದರು.

ಮುಂದಿನ ಸಾಲಿನ ಹುಡುಗಿ ಎದ್ದಳು. ನನ್ನ ತರಗತಿಯಲ್ಲಿ ಎಲ್ಲರಿಗಿಂತ ಚುರುಕು.

"ಸಾಹೇಬ್ರ, ನೀವು ಯಾ ಹುಳಾ ನೋಡಿ ಈ ಖೋಲಿ ಕಟ್ಟಿಸೀರಿ?"

ಸಾಹೇಬರು ಬಿರುಕು ನೋಡುವುದನ್ನು ಬಿಟ್ಟು ಜೀಪು ಹತ್ತಿದರು.

೨. ಸೊಳ್ಳಿ ಸೂಜಿ

ಸೊಳ್ಳೆ ಚುಚ್ಚಿದ್ದು ನಮಗೆ ಆ ಕ್ಷಣಕ್ಕೆ ಗೊತ್ತಾಗುವುದಿಲ್ಲ. ಅದರ ಸೊಂಡಿಲು ನೋಡಿ ನೋಯದ ಸೂಜಿ ಮಾಡಲು ವಿಜ್ಞಾನಿಗಳು ಪ್ರಯತ್ನ ನಡೆಸಿದ್ದಾರೆ ಎಂದು ಹೇಳಿದೆ. 'ಪ್ರಯತ್ನ' ಎಂಬ ಮಾತು ಮಕ್ಕಳ ಕಿವಿಗೆ ಬೀಳಲೇ ಇಲ್ಲ.

ಮರುದಿನ ಲಸಿಕೆ ಹಾಕಲು ನರ್ಸಬಾಯಿ ಬಂದರು. ಎಂದೂ ಇಲ್ಲದ್ದು, ಮಕ್ಕಳು ತಾವೇ ಓಡಿ ಬಂದು ಸರದಿ ನಿಂತರು. ಮೊದಲಿನವನು ನಗುನಗುತ್ತಾ ತೋಳು ಚಾಚಿದ. ಅವನ ಚೀರಾಟ ಬಸ್‌ಸ್ಟ್ಯಾಂಡಿನ ತನಕ ಕೇಳಿತು. ಉಳಿದವರು ಕಂಪೌಂಡು ಹಾರಿದರು.

"ಏನ್ ಹೇಳಿದ್ರಿ ಅಕ್ಕೋರ ಇವಕ್ಕ?" ಎಂದು ನರ್ಸಬಾಯಿ ಸಿಟ್ಟಾದರು. ಹೇಳಿದೆ. ಅವರು ಸಾಲಿಯ ಮುಂದೆ ಕಟ್ಟಿ ನಿಂತ ಗಟಾರದ ಕಡೆ ನೋಡಿ ನಿಟ್ಟುಸಿರು ಬಿಟ್ಟರು.

"ಆ ಸೂಜಿ ನಮ್ಮ ದವಾಖಾನಿಗೆ ಇನ್ನೂ ಬಂದಿಲ್ಲರಿ. ಸೊಳ್ಳಿ ಅಷ್ಟ ಬಂದಾವು."

೩. ಇರಿವಿ

ಇಂಜಿನಿಯರ್ ಸಾಹೇಬರನ್ನು ಕೇಳಿದ ಆ ಹುಡುಗಿಯ ಅಪ್ಪ ಒಂದು ದಿನ ಸಾಲಿಗೆ ಬಂದ. "ಹುಳಾ ನೋಡಾಕ ಸಾಲಿಗ್ಯಾಕ ಕಳಸೂನ್ರಿ ಅಕ್ಕೋರ? ನಮ್ಮ ಹೊಲದಾಗ ಬೇಕಾದಷ್ಟ ಅದಾವು" ಎಂದು ಮಗಳನ್ನು ಬಿಡಿಸಿ ಇಂಗ್ಲಿಷ್ ಸಾಲಿಗೆ ಹಾಕಿದ. ಅವಳು ಕೂರುತ್ತಿದ್ದ ಜಾಗ ನೋಡದೆ ಪಾಠ ಹೇಳುವುದನ್ನು ರೂಢಿ ಮಾಡಿಕೊಂಡೆ.

ದೀಪಾವಳಿ ಮುಂದೆ ಚಚಡಿ ದಾರಿಯ ಬಸ್ಸಿನಲ್ಲಿ ಇಬ್ಬರೂ ಸಿಕ್ಕರು. ಹುಡುಗಿಗೆ ಟೈ, ಬೂಟು. ಅಪ್ಪನಿಗೆ ಹೆಮ್ಮೆ.

"ನಿಮ್ಮಲ್ಲಿದ್ದಾಗ ಬರೇ ಇರಿವಿ ಅಂತಿದ್ಲು. ಈಗ ಆ್ಯಂಟ್ ಅಂತಾಳ್ರಿ!"

"ಶಾಣ್ಯಾಕಿ. ಆ ಇರಿವಿ ದಾರಿ ಹೆಂಗ ಹುಡಕತೈತಿ, ಹೇಳವಾ" ಎಂದೆ.

ಹುಡುಗಿ ಅಪ್ಪನ ಮುಖ ನೋಡಿ ಸಣ್ಣ ದನಿಯಲ್ಲಿ ಅಂದಳು: "ಅಲ್ಲಿ ಅದನ್ನ ಕೇಳಬಾರದ್ರಿ ಅಕ್ಕೋರ. ಸ್ಪೆಲ್ಲಿಂಗ್ ಅಷ್ಟ."

೪. ಜೇನಗೂಡು

ತಾಲೂಕಿನ ವಿಜ್ಞಾನ ಪ್ರದರ್ಶನದಲ್ಲಿ ಗೆದ್ದವರನ್ನು ಬೆಳಗಾವಿಗೆ ಕರೆದೊಯ್ಯುತ್ತಾರೆಂದು ಸುದ್ದಿ ಬಂತು. ನನ್ನ ಮಕ್ಕಳಲ್ಲಿ ಬೆಳಗಾವಿ ಕಂಡವರು ಯಾರೂ ಇಲ್ಲ. ಹಳೆ ಪೇಪರು ಮಡಚಿ, ಜೇನುಗೂಡಿನಂತೆ ಆರು ಮೂಲೆಯ ಕೊಳವೆ ಮಾಡಿ, ಒತ್ತೊತ್ತಾಗಿ ಅಂಟಿಸಿ, ಮೇಲೆ ಕೆಳಗೆ ರಟ್ಟು ಹಚ್ಚಿ ಒಂದು ಮಣೆ ಮಾಡಿದರು. ಅದರ ಮೇಲೆ ನಮ್ಮ ಹೆಡ್‌ಮಾಸ್ತರರನ್ನೇ ನಿಲ್ಲಿಸಿ ನೋಡಿದೆವು. ಜಗ್ಗಲಿಲ್ಲ.

ಪ್ರದರ್ಶನದಲ್ಲಿ ಪರೀಕ್ಷಕರು ಅದನ್ನು ಎರಡು ಬೆರಳಲ್ಲಿ ಎತ್ತಿ, "ರದ್ದಿ ಪೇಪರು. ಫಿನಿಶಿಂಗ್ ಇಲ್ಲ" ಎಂದು ಇಟ್ಟರು. ಮೊದಲ ಬಹುಮಾನ ಪೇಟೆಯಿಂದ ತಂದ, ದೀಪ ಮಿನುಗುವ ರಾಕೆಟ್ಟಿಗೆ ಹೋಯಿತು. ಅದರ ವಿವರಣೆಯನ್ನು ಹುಡುಗನ ಬದಲು ಅವನ ಅಪ್ಪನೇ ಕೊಟ್ಟಿದ್ದ. ನನ್ನ ಮಕ್ಕಳು ಅಳಲು ಶುರುಮಾಡಿದರು.

ಅಷ್ಟರಲ್ಲಿ ಮುಖ್ಯ ಅತಿಥಿಗಳು ಬಂದರು. ಗಟ್ಟಿ ಆಳು. ಕೂತ ಕೂಡಲೇ ಸೋಫಾದ ಒಂದು ಕಾಲು ಲಟಕ್ಕನೆ ಮುರಿದು ಸಾಹೇಬರು ಒಂದು ಕಡೆ ವಾಲಿದರು. ಸಂಘಟಕರು ಇಟ್ಟಂಗಿ ಹುಡುಕಿ ಓಡಾಡಿದರು. ಸಿಗಲಿಲ್ಲ. ಪರೀಕ್ಷಕರೇ ನಮ್ಮ ಮಣೆ ಎತ್ತಿಕೊಂಡು ಹೋಗಿ ಸೋಫಾದ ಕೆಳಗೆ ತುರುಕಿದರು.

ಸಾಹೇಬರು ನೆಟ್ಟಗೆ ಕೂತರು. ಸ್ವಾಗತವಾಯಿತು, ಶಾಲು, ಹಾರ, ಒಬ್ಬರಾದ ಮೇಲೊಬ್ಬರ ಭಾಷಣ. ಮಣೆ ಜಗ್ಗಲಿಲ್ಲ. ನಾನು ಹೋಗಿ, "ನಮ್ಮ ಮಾಡೆಲ್ ಕೊಡ್ರಿ, ಬಸ್ಸಿಗೆ ಹೊತ್ತಾತು" ಎಂದರೆ, ಪರೀಕ್ಷಕರು ಕೈಮುಗಿದು, "ಸಾಹೇಬ್ರು ಏಳೂತನಾ ತಡೀರಿ ಅಕ್ಕೋರ" ಎಂದರು.

ಸೋಫಾದ ಕೆಳಗೇ ಕಣ್ಣು ನೆಟ್ಟಿದ್ದ ಮಕ್ಕಳಲ್ಲಿ ಒಬ್ಬಳು ಮೂಗು ಒರೆಸಿಕೊಂಡು ನನ್ನ ಸೆರಗು ಜಗ್ಗಿದಳು.

"ಅಕ್ಕೋರ, ಬಹುಮಾನ ಅವರಿಗೆ ಕೊಟ್ರು. ಸಾಹೇಬ್ರನ್ನ ನಮಗ ಕೊಟ್ರಲ್ಲರಿ!"