ನಡುಮನೆಗೆ ಬಂದ ಹಿಂದಿನ ಸೀಟು

ಎಸೆಯಲು ಮನಸ್ಸು ಬಾರದ ಸಾಮಾನು ಎಲ್ಲರ ಮನೆಯಲ್ಲೂ ಒಂದಾದರೂ ಇರುತ್ತದೆ. ಕೆಲವರದು ಅಟ್ಟದ ಮೇಲಿರುತ್ತದೆ, ಕೆಲವರದು ಮಂಚದ ಕೆಳಗೆ. ನನ್ನದು ಬನಶಂಕರಿ ಎರಡನೇ ಹಂತದ ನಮ್ಮ ಮನೆಯ ಪೋರ್ಟಿಕೋದಲ್ಲಿತ್ತು. ಅದು ಅಪ್ಪ ಬಿಟ್ಟುಹೋದ ಕಾರು. ಓಡುವುದನ್ನು ನಿಲ್ಲಿಸಿ ಎಂಟು ವರ್ಷವಾಗಿದ್ದರೂ ಪ್ರತಿ ಭಾನುವಾರ ಬೆಳಿಗ್ಗೆ ನಾನು ಅದರ ಹಿಂದಿನ ಸೀಟಿನಲ್ಲಿ ಕುಳಿತು ಪೇಪರ್ ಓದುತ್ತಿದ್ದೆ. ಅಪ್ಪನ ನಶ್ಯದ ವಾಸನೆ ಅಲ್ಲಿನ್ನೂ ಉಳಿದಿದೆ ಎಂದು ನನಗೆ ಅನ್ನಿಸುತ್ತಿತ್ತು. ಅದು ಇಲಿಯ ವಾಸನೆ ಎಂದು ಹೆಂಡತಿ ಸುಮಾ ಹೇಳುತ್ತಿದ್ದಳು.

"ನನ್ನ ಸ್ಕೂಟರ್ ರಸ್ತೇಲಿ ನೆನೀತಾ ಇದೆ, ಇಲಿಗಳಿಗೆ ಪೋರ್ಟಿಕೋ! ಇದನ್ನ ಗುಜರಿಗೆ ಕೊಡ್ತೀರೋ ಇಲ್ವೋ?" ಎಂದು ಅವಳು ಒಂದು ದಿನ ಖಡಾಖಂಡಿತವಾಗಿ ಕೇಳಿದಳು. ಅದೇ ವಾರ ಫೋನಿನಲ್ಲಿ ಯಾರೋ ಹಳೇ ಕಾರಿನ ಭಾಗಗಳಿಂದ ಪೀಠೋಪಕರಣ ಮಾಡುವುದನ್ನು ನೋಡಿದ್ದೆ. ನಾನೂ ಮಾಡುತ್ತೇನೆ ಎಂದುಬಿಟ್ಟೆ. ಮೂವತ್ತು ವರ್ಷ ಕಚೇರಿಯಲ್ಲಿ ಕಡತ ತಿರುವಿದ ಕೈ ನನ್ನದು. ಬಲ್ಬು ಬದಲಿಸುವಾಗಲೂ ಸ್ಟೂಲು ಹಿಡಿದುಕೊಳ್ಳಲು ಒಬ್ಬರು ಬೇಕು. ಆದರೂ ಒಂದು ತಿಂಗಳು ಸ್ಪ್ಯಾನರ್ ಹಿಡಿದು ಬಿಚ್ಚಿದೆ. ಬೇಕಾದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಗುಜರಿಯವನಿಗೆ ಕೊಟ್ಟೆ. ಚಕ್ರದ ಮುಚ್ಚಳ ಗೋಡೆ ಗಡಿಯಾರವಾಯಿತು. ಅದರ ಹೊಳಪು ಎಷ್ಟೆಂದರೆ ಸುಮಾ ಅದರಲ್ಲಿ ಸಮಯ ನೋಡುವುದಿಲ್ಲ, ಬಿಂದಿ ಸರಿಮಾಡಿಕೊಳ್ಳುತ್ತಾಳೆ. ಹೆಡ್‌ಲೈಟಿನಿಂದ ಮಾಡಿದ ಟೇಬಲ್ ದೀಪದಲ್ಲಿ ಓದಬೇಕಾದರೆ ಪಕ್ಕದ ಕೋಣೆಯಲ್ಲಿ ಕೂರಬೇಕು.

ನನ್ನ ನಿಜವಾದ ಹೆಮ್ಮೆ ಸೋಫಾ. ಅಪ್ಪನ ಕಾರಿನ ಹಿಂದಿನ ಸೀಟಿಗೆ ಕಬ್ಬಿಣದ ಚೌಕಟ್ಟು ಹಾಕಿಸಲು ಪುಟ್ಟೇನಹಳ್ಳಿಯ ವೆಲ್ಡಿಂಗ್ ಅಂಗಡಿಗೆ ಒಯ್ದಾಗ ಅಂಗಡಿಯವನು, "ಸಾರ್, ಸೋಫಾ ಅಂಗಡೀಲೇ ಸಿಗತ್ತಲ್ಲ?" ಎಂದ. ಕಲೆಯ ಬಗ್ಗೆ ಅವನಿಗೇನು ಹೇಳುವುದು ಎಂದು ಅಳತೆ ಕೊಟ್ಟು ಬಂದೆ. ಕೆಳಗೆ ಕಸ ಗುಡಿಸಲು ಅನುಕೂಲವಾಗಲಿ ಎಂದು ಸುಮಾ ನಾಲ್ಕು ಪುಟ್ಟ ಚಕ್ರ ಹಾಕಿಸಲು ಹೇಳಿದ್ದಳು. ಅದನ್ನೂ ಹಾಕಿಸಿದೆ. ಹೀಗೆ ಪೋರ್ಟಿಕೋ ಸ್ಕೂಟರಿಗೆ ಹೋಯಿತು, ಸೀಟು ನಡುಮನೆಗೆ ಬಂತು.

ಕಷ್ಟ ಶುರುವಾದದ್ದು ಅಮ್ಮನಿಂದ. ಎಂಬತ್ತೆರಡರ ಅಮ್ಮನಿಗೆ ಮೊದಲಿನಿಂದಲೂ ಕಾರು ಆಗುವುದಿಲ್ಲ. ಅಪ್ಪ ಓಡಿಸುವಾಗ ಅವಳು ಇದೇ ಸೀಟಿನ ಎಡತುದಿಯಲ್ಲಿ ನಿಂಬೆಹಣ್ಣು ಮೂಸುತ್ತಾ ಕೂರುತ್ತಿದ್ದಳು. ಈಗ ನನ್ನ ಸೋಫಾ ಮೇಲೆ ಎರಡು ನಿಮಿಷ ಕುಳಿತು ಎದ್ದಳು. "ಹೊಟ್ಟೆ ತೊಳಸ್ತಾ ಇದೆ ಕಣೋ," ಎಂದಳು.

"ಅಮ್ಮಾ, ಇದು ಓಡ್ತಾ ಇಲ್ಲ!"

"ನಂಗೆ ಗೊತ್ತಿಲ್ವಾ? ಹೊಟ್ಟೆಗೆ ಗೊತ್ತಿಲ್ಲ."

ಸುಮಾ ತೀರ್ಪು ಕೊಟ್ಟಳು: "ಆಯುಧಪೂಜೆ ಒಳಗೆ ಅತ್ತೆ ಇದರ ಮೇಲೆ ನೆಮ್ಮದಿಯಾಗಿ ಕೂತ್ರೆ ಸರಿ. ಇಲ್ಲಾಂದ್ರೆ ಇದೂ ಗುಜರಿಗೆ." ನನಗೆ ನಿಜಕ್ಕೂ ಸಂಕಟವಾಯಿತು. ಅಪ್ಪನ ವಾಸನೆ ಅಂತ ಉಳಿದಿದ್ದು ಅದೊಂದರಲ್ಲೇ. ಸೀಟಿನ ಮೇಲೆ ದುಪ್ಪಟಿ ಹೊದಿಸಿದೆ, ಫ್ಯಾನ್ ಹಾಕಿದೆ, ಏಲಕ್ಕಿ ಕೊಟ್ಟೆ. ಅಮ್ಮ ಪ್ಲಾಸ್ಟಿಕ್ ಕುರ್ಚಿಯನ್ನು ಬಿಡಲಿಲ್ಲ.

ಆಯುಧಪೂಜೆಯ ದಿನ ಸುಮಾಳ ತಮ್ಮ ರಘು ವಿಲ್ಸನ್ ಗಾರ್ಡನ್ನಿನಿಂದ ಬಂದಿದ್ದ. ಸ್ಕೂಟರಿಗೆ ಹೂವು ಮುಡಿಸುವಾಗ ಅಮ್ಮ ತಟ್ಟನೆ, "ಒಳಗಿರೋದಕ್ಕೆ ಪೂಜೆ ಬೇಡ್ವಾ?" ಎಂದಳು.

"ಅದು ಸೋಫಾ, ಅಮ್ಮಾ."

"ನಾಲ್ಕು ಚಕ್ರ ಇದೆ. ನಿಮ್ಮಪ್ಪ ಒಂದು ವರ್ಷಾನೂ ತಪ್ಪಿಸಿದವರಲ್ಲ. ಆಚೆ ತನ್ನಿ."

ರಘುವೂ ನಾನೂ ಅದನ್ನೆತ್ತಿ ಹೊಸ್ತಿಲು ದಾಟಿಸಿ ಪೋರ್ಟಿಕೋದಲ್ಲಿ ಇಳಿಸಿದೆವು. ಅಮ್ಮ ಸೀಟಿನ ಬೆನ್ನಿಗೆ ವಿಭೂತಿ ಪಟ್ಟೆ ಎಳೆದು ಕುಂಕುಮವಿಟ್ಟಳು, ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟಳು. ಚಕ್ರಗಳಿಗಿಂತ ನಿಂಬೆಹಣ್ಣೇ ದೊಡ್ಡದಿತ್ತು. ರಘು ಗೇಟಿನ ಹತ್ತಿರ ಬೂದುಗುಂಬಳಕಾಯಿ ಒಡೆದ.

"ಪೂಜೆ ಆದ್ಮೇಲೆ ಗಾಡಿ ಒಂದು ರೌಂಡ್ ಹೋಗ್ಬೇಕು," ಎಂದು ಅಮ್ಮ ಸೀಟಿನ ಎಡತುದಿಯಲ್ಲಿ ಕುಳಿತೇಬಿಟ್ಟಳು.

"ಭಾವ, ತಳ್ಳಿ!" ಎಂದ ರಘು. ನಿಂಬೆಹಣ್ಣು ಜಜ್ಜಿಹೋಗುವಂತೆ ಇಬ್ಬರೂ ಸೇರಿ ಗೇಟಿನವರೆಗೆ ತಳ್ಳಿ, ಹಿಂದಕ್ಕೆ ತಂದೆವು. ಅಮ್ಮ ಇಳಿಯಲಿಲ್ಲ. ರಸ್ತೆ ನೋಡುತ್ತಾ, "ಗಾಳಿ ಚೆನ್ನಾಗಿ ಬರ್ತಿದೆ. ಇಷ್ಟು ನಿಧಾನ ನಿಮ್ಮಪ್ಪ ಯಾವತ್ತೂ ಓಡಿಸ್ಲಿಲ್ಲ," ಎಂದಳು. ಹೊಟ್ಟೆಯ ಮಾತೇ ಇಲ್ಲ. ಎಲ್ಲರ ಎದುರಿಗೇ ನನಗೆ ಕಣ್ಣು ತುಂಬಿತು. ಸಾಂಬ್ರಾಣಿ ಹೊಗೆ ಎಂದು ಹೇಳಿ ಪಾರಾದೆ.

ಗೆದ್ದೆ ಎಂದು ಸುಮಾಳ ಮುಖ ನೋಡಿದೆ. "ಒಪ್ಪಿದೆ, ಗುಜರಿಗೆ ಹಾಕಲ್ಲ. ಆದ್ರೆ ಪೂಜೆ ಮಾಡಿದ ಗಾಡಿನ ಯಾರಾದ್ರೂ ನಡುಮನೇಲಿ ನಿಲ್ಲಿಸ್ತಾರಾ? ಇಲ್ಲೇ ಇರ್ಲಿ," ಎಂದಳು. ಅಮ್ಮನೂ ತಲೆಯಾಡಿಸಿದಳು.

ಈಗ ಸ್ಕೂಟರ್ ಮತ್ತೆ ರಸ್ತೆಗೆ ಹೋಗಿದೆ. ದಿನವೂ ಸಂಜೆ ಸೀಟು ಅಮ್ಮನದು. ಭಾನುವಾರ ಬೆಳಿಗ್ಗೆ ನಾನು ಅದೇ ಪೋರ್ಟಿಕೋದಲ್ಲಿ, ಅದೇ ಜಾಗದಲ್ಲಿ, ಅದೇ ಹಿಂದಿನ ಸೀಟಿನಲ್ಲಿ ಕುಳಿತು ಪೇಪರ್ ಓದುತ್ತೇನೆ. ಮೊದಲು ಸುತ್ತಲೂ ಕಾರಿತ್ತು, ಸೊಳ್ಳೆ ಕಚ್ಚುತ್ತಿರಲಿಲ್ಲ.