ರಾಯರ ಕಂಪ್ಯೂಟರಿಗೆ ಸಿಕ್ಕಿದ ನನ್ನ ಬಾಯಿ

ಮುಂಬಯಿಯ ವಡಾಲದ ನಮ್ಮ ಬಿಲ್ಡಿಂಗಲ್ಲಿ ಏನು ಕೆಟ್ಟರೂ ಅದರ ಹಿಂದೆ ನನ್ನ ಬಾಯಿ ಇರತ್ತೆ ಅಂತಾರೆ. ನೀರಿನ ಪಂಪು ಕೆಟ್ಟಾಗ ನಾನು ಒಪ್ಪಲಿಲ್ಲ. ಎದುರುಮನೆ ರಾಯರ ಕಂಪ್ಯೂಟರ್ ವಿಷಯದಲ್ಲಿ ಮಾತ್ರ ಒಪ್ಕೋತೀನಿ.

ಒಂದು: ತಪ್ಪು ತೂತು

ರಾಯರು ಬೆಂಗಳೂರಿನವರು, ಫೋರ್ಟಲ್ಲಿ ಆಫೀಸು. ಆಗ ಮನೇಲಿ ಕಂಪ್ಯೂಟರ್ ಅಂದ್ರೆ ಅದಕ್ಕೊಂದು ಹೂವಿನ ಕವರ್ರು, ನೆತ್ತಿ ಮೇಲೆ ಕುಂಕುಮ. ಅದರ ಹೊಟ್ಟೆಗೆ ಇವರು ಎಂಥದೋ ಕಾರ್ಡ್ ಹಾಕಿಸಿದ್ರು, ಹಾಡು ರೆಕಾರ್ಡ್ ಮಾಡೋಕೆ. ಮೊದಲ ಬೋಣಿ ಹೆಂಡತಿದೇ. ಆಕೆ ಟೇಪಿಗೆ ಹಾಡಿದ್ದ ದೇವರನಾಮವನ್ನ ವೈರ್ ಹಾಕಿ ಕಂಪ್ಯೂಟರಿಗೆ ಇಳಿಸಿ, ಬಿಲ್ಡಿಂಗ್ ಹೆಂಗಸರನ್ನೆಲ್ಲ ಕೂರಿಸಿ ಕೇಳಿಸಿದ್ರು. ಮಿಕ್ಸಿಗೆ ಒಣ ಹುರುಳಿ ಹಾಕಿದ ಹಾಗೆ ಕರಕರ, ಕರಕರ!

"ಎಲ್ಲಿ ತಪ್ಪಾಯ್ತೋ" ಅಂದ್ರು ರಾಯರು.

"ಕಂಪ್ಯೂಟರಿಗೇನು ಗೊತ್ತಾಗತ್ತೆ ರಾಯರೇ, ಇದ್ದದ್ದನ್ನ ಇದ್ದ ಹಾಗೆ ಹೇಳತ್ತೆ" ಅಂದೆ ನಾನು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಕೆ ನಗಲಿಲ್ಲ.

ವಾರ ಬಿಟ್ಟು ಗೊತ್ತಾಯ್ತು, ಟೇಪಿನ ವೈರನ್ನ ಮೈಕಿನ ತೂತಿಗೆ ಚುಚ್ಚಿದ್ರಂತೆ. ಪಕ್ಕದ ತೂತಿಗೆ ಹಾಕಿದ್ದೇ ತಡ, ಆಕೆ ದನಿ ತುಪ್ಪದ ಹಾಗೆ ಬಂತು. ಆದ್ರೆ ಆಮೇಲೆ ಆಕೆ ಹಾಡಲೇ ಇಲ್ಲ. ಈಗ ಆ ಮನೇಲಿ ಹಾಡೋದು ಕುಕ್ಕರ್ ಒಂದೇ. ಅದಕ್ಕೆ ನಾನಿನ್ನೂ ಏನೂ ಅಂದಿಲ್ಲ.

ಎರಡು: ಚುಪ್

ಆಮೇಲೆ ರಾಯರೇ ತಂಬೂರಿ ಹಿಡಿದು ಭಜನೆಗೆ ಕೂತರು. ಯಾರ ಮನೇಲಿ ಮಿಕ್ಸಿ ಹಾಕಿದ್ರೂ ಇವರ ರೆಕಾರ್ಡಿಂಗಲ್ಲಿ ಚರಚರ. "ಐದೇ ನಿಮಿಷ ಮಿಕ್ಸಿ ಬಂದ್ ಇಡ್ರಮ್ಮಾ" ಅಂತ ಮನೆ ಮನೆಗೂ ಹೋಗಿ ಕೈ ಮುಗಿದ್ರು. ಎಲ್ಲರ ಚಟ್ನೀನೂ ಅರ್ಧಂಬರ್ಧ. ಪಕ್ಕದಲ್ಲೇ ಓಡೋ ಹಾರ್ಬರ್ ಲೈನ್ ರೈಲಿನ ಟೈಮ್‌ಟೇಬಲ್ ಬಾಯಿಪಾಠ ಮಾಡಿ, ಒಂದು ಗಾಡಿ ಹೋಗಿ ಇನ್ನೊಂದು ಬರೋದ್ರೊಳಗೆ ಹಾಡು ಮುಗಿಸೋರು.

ಹಳೇ ತಪ್ಪಿಗೆ ಪ್ರಾಯಶ್ಚಿತ್ತ ಅಂತ ನಾನೇ ಮೆಟ್ಟಿಲ ಮೇಲೆ ಕಾವಲು ನಿಂತೆ. ಹೋಗಿಬರೋರಿಗೆಲ್ಲ, "ಏ, ಚುಪ್! ಊಪರ್ ರೆಕಾರ್ಡಿಂಗ್ ಚಾಲೂ ಹೈ!"

ಹಾಕಿ ಕೇಳಿದ್ರೆ ಗಾಡಿ ಇಲ್ಲ, ಮಿಕ್ಸಿ ಇಲ್ಲ. ಹನ್ನೊಂದು ಸಲ ನಾನು ಇದ್ದೆ.

ಮೂರು: ಸಾಲಿನ ಬಾಲ

ಇದನ್ನ ನಗ್ತಾ ಹೇಳೋಣ ಅಂತಲೇ ಶುರು ಮಾಡಿದೆ.

ಕೆಳಗಿನ ಮನೇಲಿ ಗದಗಿನ ಕಡೆಯ ಗೆಳತಿ ಇದ್ಲು. ಊರಲ್ಲಿ ಬೀಸೋ ಕಲ್ಲಿಗೆ ಇಬ್ಬರು ಎದುರುಬದುರು ಕೂರಬೇಕಂತೆ. ಒಬ್ಬಳು ಸಾಲು ಹಾಡಿದ್ರೆ ಇನ್ನೊಬ್ಬಳು ಅದರ ಬಾಲ ಹಿಡಿದು ಎತ್ತಬೇಕು. ಇಲ್ಲಿ ಕಲ್ಲೆಲ್ಲಿ? ಅಕ್ಕಿ ಆರಿಸ್ತಾ ಅವಳು ಹಾಡೋಳು, ಬಾಲ ನಂದು. ಹನ್ನೆರಡು ವರ್ಷ ಹೀಗೇ ನಡೀತು.

ಅವಳ ಗಂಡನ ಮಿಲ್ ಮುಚ್ಚಿತು. ಭಾನುವಾರ ಊರಿಗೆ ಹೊರಟು ನಿಂತರು. ಇವಳ ಹಾಡಾದ್ರೂ ಇಲ್ಲಿರಲಿ ಅಂತ ಶನಿವಾರ ರಾಯರ ಮನೆಗೆ ಎಳಕೊಂಡು ಹೋದೆ.

"ನೀ ಎದುರಿಗೆ ಕುಂದ್ರದಿದ್ರ ನನ್ನ ಬಾಯಾಗ ಹಾಡು ಬರಂಗಿಲ್ಲ ನೋಡವ್ವಾ" ಅಂದ್ಲು.

ಅವಳದು ಮೆತ್ತನೆ ದನಿ. ಅದಕ್ಕೆ ರಾಯರು ಮೈಕಿನ ಲೆವೆಲ್ ಏರಿಸಿ ಇಟ್ಟು, "ಅಕ್ಕಾ, ನೀವು ಮಾತ್ರ ಮೆಲ್ಲಗೆ" ಅಂದ್ರು. ಹೂಂ ಅಂದೆ. ಎರಡನೇ ಸಾಲಿಗೇ ನನಗೆ ಅಳು ಬಂತು. ಮೆಲ್ಲಗೆ ಹೇಳಿದ್ರೆ ಅಳೋದು ಗೊತ್ತಾಗತ್ತೆ ಅಂತ ಗಟ್ಟಿಯಾಗಿ ಒದರಿದೆ. ಹಾಡು ಮುಗಿಯೋವರೆಗೂ ಒದರಿದೆ. ಅಷ್ಟರಲ್ಲಿ ಅವಳ ಗಂಡ ಸಾಮಾನು ಕಟ್ಟೋಕೆ ಕರೆದ.

ಅವಳು ಹೋದ ಮೇಲೆ ಕೇಳಿದ್ರೆ ಅವಳ ಸಾಲೆಲ್ಲ ಹಾಲು, ನನ್ನ ಬಾಲವೆಲ್ಲ ಕರಕರ.

"ಸೌಂಡು ಕಮ್ಮಿ ಮಾಡಿ ರಾಯರೇ."

"ಮಾಡಿದ್ರೆ ಕರಕರ ಸಣ್ಣದಾಗತ್ತೆ, ಹೋಗಲ್ಲ. ಒಡೆದ ಹಾಲನ್ನ ಸಣ್ಣ ಉರಿಗಿಟ್ರೆ ಮತ್ತೆ ಹಾಲಾಗತ್ತಾ ಅಕ್ಕಾ?" ಪರದೆ ಮೇಲೆ ತೋರಿಸಿದ್ರು. ಅವಳ ದನಿ ಗುಡ್ಡ ಗುಡ್ಡ, ನಂದು ತಲೆ ಕತ್ತರಿಸಿದ ಗೋಡೆ.

"ಹಾಗಿದ್ರೆ ನನ್ನನ್ನ ಕಿತ್ತಾಕಿ" ಅಂದೆ.

ಹದಿನೈದು ದಿನ ಕೂತು ನನ್ನ ಬಾಲಗಳನ್ನೆಲ್ಲ ಕತ್ತರಿಸಿ, ಬರೀ ಅವಳ ಹಾಡನ್ನ ಕ್ಯಾಸೆಟ್ಟಿಗೆ ಹಾಕಿಕೊಟ್ರು. ಅವಳಿಗೂ ಒಂದು ಕಳಿಸಿದೆ. ಮಗಳ ಕೈಲಿ ಕಾಗದ ಬರೆಸಿದ್ಲು:

"ಕ್ಯಾಸೆಟ್ ಮುಟ್ಟಿತು. ನನ್ನ ದನಿ ನನಗೇನ ಹೊಸಾದೇನು? ಸಾಲು ಸಾಲಿಗೂ ನೀ ಬರ್ತಿ ಅಂತ ಕಾದೆ, ಬರಲೇ ಇಲ್ಲ. ಬೀಸಾಕ ಕುಂದರಿಸಿ ಎದ್ದು ಹೋದಂಗಾತು. ಹೆಂಗಾರ ಇರ್ಲಿ, ನೀ ಇದ್ದದ್ದು ಕಳಸು."

ಓಡಿದೆ. ರಾಯರು ಮುಖ ಸಣ್ಣ ಮಾಡ್ಕೊಂಡ್ರು. "ಡಿಸ್ಕಲ್ಲಿ ಜಾಗ ಇರ್ಲಿಲ್ಲ ಅಕ್ಕಾ. ನಿಮ್ಮ ದನಿ ಇದ್ದದ್ದನ್ನ ಅಳಿಸಿಬಿಟ್ಟೆ. ನೀವೇ ಅಲ್ವಾ ಬೇಡ ಅಂದಿದ್ದು?"

ಕೊನೆಗೆ, ಬಾಲಗಳನ್ನಷ್ಟೇ ಹೊಸದಾಗಿ ಹೇಳಿಸಿ ಸೇರಿಸೋದು ಅಂತಾಯ್ತು. ಅವಳ ಹಾಡನ್ನ ನನ್ನ ಕಿವಿಗೆ ಹಾಕಿದ್ರು. ಎದುರಿಗೆ ಖಾಲಿ ಕುರ್ಚಿ. ರಾಯರ ಹೆಂಡತಿ ಒಳಗಿಂದ ಅಕ್ಕಿ ಮೊರ ತಂದು, ಎದುರಿಗೆ ಕೂತ್ಲು. ಆಕೆ ಮುಖ ನೋಡಿದ ಮೇಲೆ ನನ್ನ ಬಾಯಿಂದ ಗಾಳಿ ಕೂಡಾ ಹೊರಡಲಿಲ್ಲ.

ರಾಯರು ಪರದೆ ನೋಡಿದ್ರು, ಲೆವೆಲ್ ಏರಿಸಿದ್ರು, ಮತ್ತೂ ಏರಿಸಿದ್ರು.

"ಅಕ್ಕಾ, ಗೆರೆ ಏಳ್ತಾನೇ ಇಲ್ಲ. ಸ್ವಲ್ಪ ಜೋರಾಗಿ."

ಇಪ್ಪತ್ತು ವರ್ಷದಲ್ಲಿ ಈ ಬಿಲ್ಡಿಂಗಲ್ಲಿ ನನಗೆ ಆ ಮಾತು ಹೇಳಿದ್ದು ಅವರೊಬ್ಬರೇ.